ಚಾನೆಲ್

ಕೊಳವೆ, ಕಾಲುವೆ ಎಂಬರ್ಥದ ಲ್ಯಾಟಿನ್ ಪದ ‘ಕನಾಲಿಸ್’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಚಾನೆಲ್’ ಆಯಿತು. ಕೊಡಗಿನ ಹಾರಂಗಿ ಜಲಾಶಯದ ನೀರನ್ನು ಒಯ್ಯುವ ಮಾರ್ಗಕ್ಕೆ ನಾಲೆ ಎಂದೂ ದೂರದರ್ಶನದ ಪ್ರಸಾರ ಮಾರ್ಗಕ್ಕೆ, ‘ಹೊರು’ ಎಂಬರ್ಥದ ಸಂಸ್ಕೃತ ಧಾತು ‘ವಹ್’ನಿಂದ ಬಂದ ವಾಹಿನಿ ಎಂದೂ ಕನ್ನಡವು ಹೆಸರಿಟ್ಟಿದ್ದರೂ, ಅಂತರಜಾಲದ ಹರಟೆಯ ತಾಣಕ್ಕೆ ಆಂಗ್ಲ ಪದವೇ ಉಳಿಯಿತು.

ಈ ಅರ್ಥಕ್ಕೆ ನೆಲೆಯೊದಗಿಸಿದ್ದು, ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ 1988ರಲ್ಲಿ ರೂಪಿಸಿದ ಐಆರ್‌ಸಿ, ಅಂದರೆ ಬರೆದ ಮಾತು ಆ ಕ್ಷಣವೇ ಎಲ್ಲರಿಗೂ ತಲುಪುವ ಅಂತರಜಾಲ ಸಂವಾದ ವ್ಯವಸ್ಥೆ. ಅದರಲ್ಲಿ ಚಾನೆಲಿನ ಹೆಸರು ಸಾಮಾನ್ಯವಾಗಿ # ಚಿಹ್ನೆಯಿಂದ ಆರಂಭವಾಗುತ್ತದೆ. ‘ಜಾಯಿನ್’ ಆದೇಶದೊಡನೆ ಹೆಸರನ್ನು ಬರೆದಾಗ ಅಂಥ ಚಾನೆಲ್ ಇದ್ದರೆ ಪ್ರವೇಶ ದೊರೆಯುತ್ತದೆ, ಇಲ್ಲದಿದ್ದರೆ ಅದು ಆಗಲೇ ಹುಟ್ಟಿ, ಮೊದಲು ಬಂದವರೇ ‘ಆಪರೇಟರ್’, ಅಂದರೆ ನಿರ್ವಾಹಕರಾಗುತ್ತಾರೆ.

ಟೆಲಿಗ್ರಾಮ್ ಎಂಬ ಸಂದೇಶ ಆ್ಯಪಿನಲ್ಲಿ ಅರ್ಥ ಸಂಕುಚಿತಗೊಂಡು, ನಿರ್ವಾಹಕರು ಮಾತ್ರ ಪ್ರಕಟಿಸುವ ಏಕಮುಖ ಪ್ರಸಾರವಷ್ಟೇ ಚಾನೆಲ್ ಎನಿಸಿಕೊಂಡಿದೆ. ಆದುದರಿಂದ ಮಡಿಕೇರಿಯ ಪಕ್ಷಿವೀಕ್ಷಕರು ಕಂಡ ಹಕ್ಕಿಯ ಬಗ್ಗೆ ಪರಸ್ಪರ ಚರ್ಚಿಸಬೇಕಾದರೆ ಅಲ್ಲಿ ತೆರೆಯಬೇಕಾದದ್ದು ‘ಗ್ರೂಪ್’, ಐಆರ್‌ಸಿಯಲ್ಲಾದರೆ ಚಾನೆಲ್.