ಕೌಲ್ ಪಾತ್ರೆಯಲ್ಲಿ ಬೇಯ್ತಿದ್ದದ್ದು ಯಾರ ದುಡಿಮೆ?

ಇವತ್ತಿನ ಎಪಿಸೋಡ್ ಒಂದು ಸಾರಿನ ಬಗ್ಗೆ. ನಮ್ಮ ಕಡೆಯ ಸಾರಲ್ಲ, ವೇಲ್ಸ್ ದೇಶದ್ದು. ಹೆಸರು ಕೌಲ್. ಊಟಕ್ಕೆ ಮುಂಚೆ ಕೇಳ್ತಿದ್ರೆ ಹಸಿವಾಗಬಹುದು, ಮೊದಲೇ ಹೇಳಿಬಿಟ್ಟಿದ್ದೀನಿ.

ವೇಲ್ಸ್ ಎಲ್ಲಿದೆ ಅಂದ್ರೆ, ಇಂಗ್ಲೆಂಡಿನ ಪಶ್ಚಿಮದ ಮಗ್ಗುಲಲ್ಲಿ. ಗುಡ್ಡ, ಮಳೆ, ಹುಲ್ಲುಗಾವಲು, ಕುರಿ. ಅವರ ಭಾಷೆ ವೆಲ್ಷ್, ಇಂಗ್ಲಿಷಿಗಿಂತ ಪೂರ್ತಿ ಬೇರೆ. ಆ ಭಾಷೆಯಲ್ಲಿ ಮಾಂಸ, ತರಕಾರಿ ಒಟ್ಟಿಗೆ ಹಾಕಿ ನಿಧಾನಕ್ಕೆ ಬೇಯಿಸಿದ ಸಾರೇ ಕೌಲ್. ಇವತ್ತು ನೆಟ್ಟಲ್ಲಿ 'ಸಾಂಪ್ರದಾಯಿಕ ಕೌಲ್' ಅಂತ ಹುಡುಕಿದ್ರೆ ಹೆಚ್ಚುಕಡಿಮೆ ಒಂದೇ ಪಟ್ಟಿ ಬರುತ್ತೆ: ಕುರಿಮಾಂಸ, ಆಲೂಗೆಡ್ಡೆ, ಕ್ಯಾರೆಟ್, ಸ್ವೀಡ್ ಅನ್ನೋ ಹಳದಿ ಗೆಡ್ಡೆ, ಲೀಕ್. ಲೀಕ್ ಅಂದ್ರೆ ಈರುಳ್ಳಿ ಜಾತಿಯದ್ದೇ, ಉದ್ದ ಬಿಳಿ ದಂಟು, ಅಗಲ ಹಸಿರು ಎಲೆ.

ನಾನು ಓದಿದ್ದು ಬಿ.ಕಾಂ. ಯಾವುದೇ ಪಟ್ಟಿ ಕಂಡ್ರೂ 'ಇದು ಯಾವಾಗ ಬಂತು, ದುಡ್ಡು ಯಾರು ಕೊಟ್ರು' ಅಂತ ಕೇಳೋ ಚಾಳಿ. ಈ ಪಟ್ಟಿಗೂ ಅದೇ ಎರಡು ಪ್ರಶ್ನೆ ಕೇಳೋಣ.

ಮೊದಲು ಹೆಸರು. 'ಕೌಲ್' ಅನ್ನೋ ಪದ ವೆಲ್ಷ್ ಬರಹಗಳಲ್ಲಿ 14ನೇ ಶತಮಾನದಿಂದ ಸಿಗುತ್ತೆ. ಲ್ಯಾಟಿನ್ನಿನ 'ಕೌಲಿಸ್'ನಿಂದ ಬಂತು ಅನ್ನೋದು ಹೆಚ್ಚಿನವರ ಅಭಿಪ್ರಾಯ. ಕೌಲಿಸ್ ಅಂದ್ರೆ ಗಿಡದ ದಂಟು, ಕೋಸು. ಗಮನಿಸಿ, ಹೆಸರಿನಲ್ಲಿ ಮಾಂಸ ಇಲ್ಲ, ಇರೋದು ಸೊಪ್ಪು ಸದೆ. ವೆಲ್ಷ್‌ನಲ್ಲಿ 'ಕೌಲ್ ಮಾಡಿಬಿಟ್ಟ' ಅಂದ್ರೆ ಕೆಲಸ ಕಲಸುಮೇಲೋಗರ ಮಾಡಿದ ಅಂತಲೂ ಅರ್ಥ. ನಾವೂ ಅಡುಗೆಮನೆಯಿಂದಲೇ ಆ ಮಾತು ತಂದಿದ್ದೀವಿ, ಅಲ್ವಾ?

ಇನ್ನೂ ಹಿಂದೆ ಹೋದ್ರೆ, 1188ರಲ್ಲಿ ಜೆರಾಲ್ಡ್ ಆಫ್ ವೇಲ್ಸ್ ಅನ್ನೋ ಪಾದ್ರಿ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜೊತೆ ವೇಲ್ಸ್ ಪೂರ್ತಿ ಸುತ್ತಿದ. ಆಮೇಲೆ ಜನಜೀವನದ ಬಗ್ಗೆ ಪುಸ್ತಕವನ್ನೇ ಬರೆದ. ಅವನು ಹೇಳೋ ಪ್ರಕಾರ ಅಲ್ಲಿ ಬಗೆಬಗೆಯ ಭಕ್ಷ್ಯ ಇರಲಿಲ್ಲ, ಹಾಲು, ಬೆಣ್ಣೆ, ಚೀಸ್, ಓಟ್ಸ್ ಹೆಚ್ಚು. ದಿನಾ ಸುಡೋ ತೆಳ್ಳನೆಯ ಅಗಲ ರೊಟ್ಟಿ, ಒಮ್ಮೊಮ್ಮೆ ಅದರ ಜೊತೆ ಕೊಚ್ಚಿದ ಮಾಂಸ ಹಾಕಿದ ಸಾರು. ಕೌಲ್ ಅನ್ನೋ ಹೆಸರಿಲ್ಲದಿದ್ರೂ ಊಟದ ಸ್ವರೂಪ ಗೊತ್ತಾಗುತ್ತೆ.

ಈಗ ಪಟ್ಟಿಗೆ ಬನ್ನಿ. ಆಲೂಗೆಡ್ಡೆ ದಕ್ಷಿಣ ಅಮೆರಿಕದ್ದು, 16ನೇ ಶತಮಾನದ ಕೊನೆಗೆ ಬ್ರಿಟನ್ನಿಗೆ ಬಂತು. ವೇಲ್ಸಿನ ಬಡವರ ತಟ್ಟೆಗೆ ದಿನದ ಊಟವಾಗಿ ಬರೋ ಹೊತ್ತಿಗೆ 18ನೇ ಶತಮಾನ. ಸ್ವೀಡ್ ಬಂದದ್ದೂ ಆ ಶತಮಾನದ ಕೊನೆಗೇ. ಅಂದ್ರೆ ಇವತ್ತು ಇಲ್ಲದೇ ಆಗಲ್ಲ ಅನ್ನೋ ಎರಡು ಗೆಡ್ಡೆಗಳು ಆ ಹೆಸರಿಗಿಂತ ಮುನ್ನೂರು ನಾನ್ನೂರು ವರ್ಷ ಕಿರಿಯ. ಅದಕ್ಕೂ ಮುಂಚೆ ಸಾರು ಗಟ್ಟಿಯಾಗ್ತಿದ್ದದ್ದು ಓಟ್ಸ್ ಹಿಟ್ಟಿನಿಂದ. ತರಕಾರಿ ಅಂದ್ರೆ ಮುಖ್ಯವಾಗಿ ಕೋಸು, ಲೀಕ್.

ಕುರಿಮಾಂಸದ ಕಥೆಯೂ ಇಷ್ಟೇ. ಕುರಿ ಇದ್ದದ್ದು ಹೆಚ್ಚಾಗಿ ಉಣ್ಣೆಗೆ, ಮಾರಾಟಕ್ಕೆ. ಬಡವರ ಮನೆಯ ಪಾತ್ರೆಗೆ ಬೀಳ್ತಿದ್ದದ್ದು ಉಪ್ಪು ಹಚ್ಚಿದ ಹಂದಿಮಾಂಸ. ಸಣ್ಣ ಗುಡಿಸಲಿನವರೂ ಒಂದು ಹಂದಿ ಸಾಕೋರು. ಚಳಿಗಾಲದ ಹೊತ್ತಿಗೆ ಕಡಿದು, ಉಪ್ಪು ತಿಕ್ಕಿ, ಸೂರಿನ ಕೊಕ್ಕೆಗೆ ನೇತುಹಾಕಿದ್ರೆ ತಿಂಗಳುಗಟ್ಟಲೆ ಬರೋದು. ಉಪ್ಪು ಹಚ್ಚೋಕೆ ಆಗದ ಹಸಿ ಭಾಗಗಳನ್ನ ನೆರೆಮನೆಗಳಿಗೆ ಹಂಚೋರು. ಮುಂದೆ ಅವರು ಹಂದಿ ಕಡಿದಾಗ ಇವರಿಗೆ ಪಾಲು ವಾಪಸ್. ಫ್ರಿಡ್ಜ್ ಇಲ್ಲದ ಕಾಲದಲ್ಲಿ ಪಕ್ಕದ ಮನೆಯೇ ಫ್ರಿಡ್ಜ್. ಬಡ್ಡಿಯಿಲ್ಲದ ಸಾಲ ಅಂದ್ರೂ ಸರಿ.

ನನಗೆ ನಿಜವಾಗಿ ಹಿಡಿಸಿದ್ದು ಆಲೂಗೆಡ್ಡೆಯ ಲೆಕ್ಕ. ಡೇವಿಡ್ ಜೆಂಕಿನ್ಸ್ ಅನ್ನೋ ಸಂಶೋಧಕರು ನೈಋತ್ಯ ವೇಲ್ಸಿನ ರೈತ ಸಮಾಜದ ಬಗ್ಗೆ 1971ರಲ್ಲಿ ಒಂದು ಪುಸ್ತಕ ತಂದರು. 1900ರ ಆಸುಪಾಸಿನ ಹಳ್ಳಿಗಳ ಚಿತ್ರ ಅದು. ಅಲ್ಲಿ ಎರಡು ತರದ ಮನೆ: ಹೊಲ ಇದ್ದವರು, ಬರೀ ಗುಡಿಸಲು ಇದ್ದವರು. ಗುಡಿಸಲಿನವರಿಗೆ ಚಳಿಗಾಲ ಪೂರ್ತಿ ಆಲೂಗೆಡ್ಡೆ ಬೇಕು, ನೆಡೋಕೆ ನೆಲ ಇಲ್ಲ. ಹೊಲದವರಿಗೆ ಸುಗ್ಗಿಯಲ್ಲಿ ಕೈಗಳು ಬೇಕು. ಮಳೆ ಯಾವ ಹೊತ್ತಿಗೆ ಬರುತ್ತೋ ಗೊತ್ತಿಲ್ಲ, ಬಿಸಿಲಿರೋ ನಾಲ್ಕು ದಿನದಲ್ಲೇ ಪೈರು ಒಳಗೆ ಬರಬೇಕು.

ಹಾಗಾಗಿ ಒಂದು ಒಪ್ಪಂದ. ಗುಡಿಸಲಿನವರು ತಮ್ಮ ಗೊಬ್ಬರ ತಂದು ರೈತನ ಹೊಲದಲ್ಲಿ ಕೆಲವು ಸಾಲು ಆಲೂಗೆಡ್ಡೆ ನೆಡಬಹುದು. ಬದಲಿಗೆ, ಹೆಚ್ಚುಕಡಿಮೆ ಸಾಲಿಗೆ ಒಂದು ದಿನದ ಲೆಕ್ಕದಲ್ಲಿ, ಸುಗ್ಗಿ ಕೆಲಸಕ್ಕೆ ಬರಬೇಕು. ಕೈಗೆ ದುಡ್ಡಿಲ್ಲ. ಅದನ್ನ ಕೆಲಸದ ಸಾಲ ಅಂತಲೇ ಕರೀತಿದ್ರು.

ಈಗ ಆ ಸರಪಳಿ ನೋಡಿ. ಹಂದಿಯಿಂದ ಮಾಂಸ, ಹಂದಿಯಿಂದಲೇ ಗೊಬ್ಬರ. ಗೊಬ್ಬರ ಎಷ್ಟಿದೆಯೋ ಅಷ್ಟು ಸಾಲು. ಎಷ್ಟು ಸಾಲೋ ಅಷ್ಟು ದಿನದ ದುಡಿಮೆ. ಗಂಡ ಬೇರೆ ಕಡೆ ಕೂಲಿಗೆ ಹೋಗ್ತಿದ್ರೆ ಆ ಸಾಲ ತೀರಿಸ್ತಿದ್ದವಳು ಹೆಂಡತಿ. ಜನವರಿಯ ಚಳಿಯಲ್ಲಿ ಕೌಲ್ ಪಾತ್ರೆಗೆ ಬಿದ್ದ ಒಂದೊಂದು ಆಲೂಗೆಡ್ಡೆಯ ಹಿಂದೆಯೂ ಆಕೆ ಬೇರೆಯವರ ಹೊಲದಲ್ಲಿ ಕಟ್ಟಿದ ಸಿವುಡುಗಳಿದ್ದವು. 'ಬಡವರ ಸರಳ ಊಟ' ಅಂತ ಅಡುಗೆ ಪುಸ್ತಕಗಳು ಒಂದೇ ಸಾಲಲ್ಲಿ ಮುಗಿಸಿಬಿಡ್ತವೆ. ಲೆಕ್ಕ ಬಿಡಿಸಿದ್ರೆ ಅದೇನೂ ಅಗ್ಗದ ಊಟ ಅಲ್ಲ.

ಪಾತ್ರೆ ಒಂದೇ ಯಾಕೆ? ಬೆಂಕಿ ಒಂದೇ ಇತ್ತು, ಅದಕ್ಕೆ. ಒಲೆಯ ಮೇಲೆ ಸರಪಳಿಗೆ ನೇತುಹಾಕಿದ ದೊಡ್ಡ ಕಬ್ಬಿಣದ ಪಾತ್ರೆ, ಅದರಲ್ಲೇ ಇಡೀ ಊಟ. ಬಡಿಸೋ ಕ್ರಮ ಕೇಳಿ: ಅನೇಕ ಮನೆಗಳಲ್ಲಿ ಮೊದಲು ತಿಳಿ ಸಾರನ್ನ ಮರದ ಬಟ್ಟಲಿಗೆ ಹಾಕಿ, ಬ್ರೆಡ್ ಜೊತೆ ಕೊಡೋರು. ಆಮೇಲೆ ಮಾಂಸ, ಗೆಡ್ಡೆ ಬೇರೆ ತಟ್ಟೆಯಲ್ಲಿ. ಬಸ್ಸಾರು ತಿಂದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಒಂದೇ ಸಲ ಬೇಯಿಸೋದು, ಬಸಿದ ನೀರು ಸಾರು, ಉಳಿದದ್ದು ಪಲ್ಯ. ತುಂಡು ಮಾಂಸ ಎಲ್ಲರಿಗೂ ಸಾಲದಿದ್ರೂ ಅದರ ರುಚಿ ಸಾರಿನ ಮೂಲಕ ಎಲ್ಲರಿಗೂ ತಲುಪುತ್ತೆ. ಚಮಚವೂ ಮರದ್ದೇ. ಕುದಿ ಕುದಿ ಸಾರು ಕುಡಿದ್ರೂ ತುಟಿ ಸುಡಲ್ಲ.

ಉಳಿದದ್ದನ್ನ ಮಾರನೇ ದಿನ ಮತ್ತೆ ಕಾಯಿಸೋರು. ಅದಕ್ಕೆ 'ಎರಡನೇ ಬಿಸಿಯ ಕೌಲ್' ಅಂತ ಬೇರೆ ಹೆಸರೇ ಇದೆ. ನಿನ್ನೆಯದಕ್ಕಿಂತ ಅದೇ ರುಚಿ ಅನ್ನೋದು ಅವರ ನಂಬಿಕೆ. ನಿನ್ನೆಯ ಹುಳಿ ಇವತ್ತು ತಿಂದವರು ಇಲ್ಲ ಅನ್ನಲ್ಲ. ಉತ್ತರ ವೇಲ್ಸಿಗೆ ಹೋದ್ರೆ ಇಂಥದ್ದೇ ಅಡುಗೆಗೆ ಲಾಬ್ಸ್‌ಗೌಸ್ ಅಂತಾರೆ. ಲಿವರ್‌ಪೂಲ್ ಜನಕ್ಕೆ 'ಸ್ಕೌಸರ್' ಅನ್ನೋ ಅಡ್ಡಹೆಸರು ಬಂದದ್ದೂ ಅದರ ನೆಂಟ ಅಡುಗೆಯಿಂದಲೇ. ಫುಟ್‌ಬಾಲ್ ನೋಡೋರು ಈ ಪದ ಕೇಳಿರ್ತೀರಿ.

ಇಷ್ಟೆಲ್ಲ ನಮಗೆ ಹೇಗೆ ಗೊತ್ತು? ಅಡುಗೆ ಪುಸ್ತಕಗಳಿಂದ ಅಲ್ಲ. 1867ರಲ್ಲಿ ಲೇಡಿ ಲಾನೋವರ್ ಅನ್ನೋ ಶ್ರೀಮಂತ ಮಹಿಳೆ ವೇಲ್ಸಿನಿಂದ ಒಂದು ಅಡುಗೆ ಪುಸ್ತಕ ತಂದಿದ್ರು, ಅದೂ ಇಂಗ್ಲಿಷಿನಲ್ಲಿ. ಗುಡಿಸಲಿನ ಹೆಂಗಸರು ಕೌಲ್ ಮಾಡೋದನ್ನ ಬರೆದಿಡೋ ಪ್ರಶ್ನೆಯೇ ಇರಲಿಲ್ಲ. ಅಮ್ಮ ಮಾಡೋದನ್ನ ನೋಡಿ ಮಗಳು ಕಲೀತಿದ್ಲು, ಅಷ್ಟೇ.

1969ರ ಹೊತ್ತಿಗೆ ಕಾರ್ಡಿಫ್ ಹತ್ತಿರದ ಸೇಂಟ್ ಫ್ಯಾಗನ್ಸ್‌ನ ಜಾನಪದ ಮ್ಯೂಸಿಯಂಗೆ ಮಿನ್ವೆಲ್ ಟಿಬಟ್ ಅನ್ನೋರು ಕೆಲಸಕ್ಕೆ ಸೇರಿದ್ರು. ಊಟದ ಇತಿಹಾಸ ಬರೀಬೇಕು ಅಂತ ಹೊರಟ್ರೆ ಪುಸ್ತಕಗಳಲ್ಲಿ ಏನೂ ಇಲ್ಲ. ಆಗ ಅವರು ಊರೂರು ತಿರುಗಿ ವಯಸ್ಸಾದ ಹೆಂಗಸರನ್ನ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡ್ರು. ಆ ಅಜ್ಜಿಯಂದಿರ ನೆನಪು 19ನೇ ಶತಮಾನದ ಕೊನೆಯವರೆಗೂ ಹೋಗ್ತಿತ್ತು. 1974ರಲ್ಲಿ ವೆಲ್ಷ್‌ನಲ್ಲಿ, 1976ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬಂದವು. ಹತ್ತಿಪ್ಪತ್ತು ವರ್ಷ ತಡವಾಗಿದ್ರೆ ಕೇಳೋಕೆ ಆ ಅಜ್ಜಿಯಂದಿರೇ ಇರ್ತಿರಲಿಲ್ಲ.

ಆ ಮಾತುಗಳನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಒಂದು ಸಂಗತಿ ಸ್ಪಷ್ಟ. ಕೌಲ್‌ಗೆ ಒಂದೇ 'ಅಸಲಿ' ರೆಸಿಪಿ ಯಾವತ್ತೂ ಇರಲಿಲ್ಲ. ಕೆಲವರು ಹಂದಿ, ಕೆಲವರು ದನದ ಮಾಂಸ, ಕೆಲವರು ಓಟ್ಸ್ ಹಿಟ್ಟು, ಕೆಲವರು ಅದಿಲ್ಲದೆ. ಊರು, ಋತು, ಮನೆಯ ಗತಿ ನೋಡಿಕೊಂಡು ಪಾತ್ರೆ ತುಂಬ್ತಿತ್ತು. ಇವತ್ತು ಮಾರ್ಚ್ 1ರ ಸೇಂಟ್ ಡೇವಿಡ್ ದಿನ ಬಂದ್ರೆ ಶಾಲೆ, ಚರ್ಚು, ಹೋಟೆಲು ಎಲ್ಲೆಡೆ ಕೌಲ್. ರಾಷ್ಟ್ರೀಯ ಹೆಮ್ಮೆಯ ಊಟ. ಹೆಮ್ಮೆ ಪಡಲಿ, ತಪ್ಪಿಲ್ಲ. ಆದ್ರೆ ಕುರಿಮಾಂಸ ತುಂಬಿದ ಆ ಬಟ್ಟಲಲ್ಲಿ ಗೊಬ್ಬರ ಹೊತ್ತವಳ ಲೆಕ್ಕ ಕಾಣಲ್ಲ.

ಮನೇಲಿ ಮಾಡಿ ನೋಡ್ಬೇಕು ಅನ್ನೋರಿಗೆ, ಈಗಿನ ರೀತಿ ಹೇಳ್ತೀನಿ. ಮೂಳೆ ಸಮೇತ ಕುತ್ತಿಗೆ ಅಥವಾ ಭುಜದ ಮಟನ್ 1 ಕೆಜಿ, ತಣ್ಣೀರು 2 ಲೀಟರಿಗಿಂತ ಸ್ವಲ್ಪ ಜಾಸ್ತಿ. ಕುದಿ ಬಂದಾಗ ಮೇಲಿನ ನೊರೆ ತೆಗೀರಿ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಡಿ. ಆರಿದ ಮೇಲೆ ರಾತ್ರಿ ಫ್ರಿಡ್ಜಿನಲ್ಲಿಟ್ಟರೆ ಬೆಳಿಗ್ಗೆ ಕೊಬ್ಬು ಮೇಲೆ ಹೆಪ್ಪುಗಟ್ಟಿರುತ್ತೆ, ತೆಗೆದುಬಿಡಿ. ಮತ್ತೆ ಕಾಯಿಸಿ, ದಪ್ಪ ಹೋಳು ಮಾಡಿದ ಕ್ಯಾರೆಟ್, ಸ್ವೀಡ್ ಮೊದಲು ಹಾಕಿ. ಸ್ವೀಡ್ ನಮ್ಮಲ್ಲಿ ಸಿಗೋದು ಕಷ್ಟ, ಟರ್ನಿಪ್ ಅಥವಾ ನವಿಲುಕೋಸು ನಡೆಯುತ್ತೆ. ಹತ್ತು ನಿಮಿಷ ಬಿಟ್ಟು ಆಲೂಗೆಡ್ಡೆ, ಅದು ಅರ್ಧ ಬೆಂದಾಗ ಲೀಕಿನ ಬಿಳಿ ಭಾಗ. ಇಳಿಸೋ ಮುಂಚೆ ಲೀಕಿನ ಹಸಿರು ಎಲೆ, ಮೆಣಸಿನ ಪುಡಿ. ಒಗ್ಗರಣೆ ಬೇಡ, ಕೈ ತುರಿಸಿದ್ರೂ ತಡ್ಕೊಳ್ಳಿ! ಜೊತೆಗೆ ಬ್ರೆಡ್, ಒಂದು ತುಂಡು ಚೀಸ್.

ಪಾತ್ರೆ ಬೇಯೋ ಎರಡು ಗಂಟೆ ಸುಮ್ನೆ ಕೂರಬೇಡಿ. ಮನೇಲಿ ಅಜ್ಜಿಯೋ ದೊಡ್ಡಮ್ಮನೋ ಇದ್ರೆ ಫೋನಿನ ರೆಕಾರ್ಡರ್ ಆನ್ ಮಾಡಿ. ರೆಸಿಪಿ ಆಮೇಲೆ ಕೇಳಿ. ಮೊದಲು ಇಷ್ಟು ಕೇಳಿ: ಆಗ ಈ ಸಾಮಾನು ಎಲ್ಲಿಂದ ಬರ್ತಿತ್ತು, ಅದಕ್ಕೆ ಬದಲಾಗಿ ನೀವೇನು ಕೊಡ್ತಿದ್ರಿ? ಟಿಬಟ್ ಅವರು ಊರೂರು ಅಲೆಯಬೇಕಾಯ್ತು. ನಿಮಗೆ ಅಡುಗೆಮನೆವರೆಗೆ ನಡೆದ್ರೆ ಸಾಕು.

ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗೋಣ.