ಗಿಡ ನೋಡಲು ಹೊರಟ ಡಾಕ್ಟರು, ಕುಮರಿ ಕಳೆದುಕೊಂಡ ಜನ

ದಿನಕ್ಕೊಂದು ಗಿಡ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ತರುಣ ಡಾಕ್ಟರೊಬ್ಬ ತನಗೆ ತಾನೇ ಹಾಕಿಕೊಂಡಿದ್ದ ನಿಯಮವಿದು. ಸುತ್ತಲ ಕಾಡುಮೇಡುಗಳಿಂದ ಗಿಡ ತರಿಸಿ, ಅದರ ಗುಣ ಬರೆದಿಟ್ಟು, ಭಾರತೀಯ ಚಿತ್ರಕಾರನಿಂದ ಅದರ ಚಿತ್ರ ಬರೆಸುತ್ತಿದ್ದ. ಆತನೇ ಹ್ಯೂ ಕ್ಲೆಗ್‌ಹಾರ್ನ್. ದಕ್ಷಿಣ ಭಾರತದಲ್ಲಿ ಸರ್ಕಾರಿ ಅರಣ್ಯ ರಕ್ಷಣೆಗೆ ಅಡಿಪಾಯ ಹಾಕಿದ ಸಸ್ಯವಿಜ್ಞಾನಿ.

ಕ್ಲೆಗ್‌ಹಾರ್ನ್ ಹುಟ್ಟಿದ್ದು 1820ರಲ್ಲಿ, ಮದ್ರಾಸಿನಲ್ಲಿ. ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1842ರಲ್ಲಿ ಮದ್ರಾಸಿಗೆ ಮರಳಿದ. ಬಹುಪಾಲು ಔಷಧಗಳು ಗಿಡಮೂಲಿಕೆಯಿಂದಲೇ ಬರುತ್ತಿದ್ದ ಆ ಕಾಲದಲ್ಲಿ ವೈದ್ಯನಾದವನಿಗೆ ಸಸ್ಯಶಾಸ್ತ್ರ ತಿಳಿದಿರಲೇಬೇಕಿತ್ತು. ಮಲೆನಾಡು ಆತನಿಗೆ ಗಿಡಗಳ ಹುಚ್ಚು ಹಿಡಿಸಿತು. ಜೊತೆಗೆ ಜ್ವರವನ್ನೂ ಕೊಟ್ಟಿತು. 1848ರಲ್ಲಿ ರಜೆಯ ಮೇಲೆ ಬ್ರಿಟನ್ನಿಗೆ ಹೋಗಬೇಕಾಯಿತು.

ಆತನ ಬದುಕು ತಿರುವು ಪಡೆದದ್ದು ಅಲ್ಲಿಯೇ. ಉಷ್ಣವಲಯದ ಕಾಡು ನಾಶವಾದರೆ ಏನಾಗುತ್ತದೆ ಎಂಬುದನ್ನು ಪರಿಶೀಲಿಸಲು ಬ್ರಿಟಿಷ್ ವಿಜ್ಞಾನ ಸಂಘ ಸಮಿತಿಯೊಂದನ್ನು ನೇಮಿಸಿತು. 1851ರಲ್ಲಿ ಅದರ ವರದಿಯನ್ನು ಮಂಡಿಸಿದವನು ಕ್ಲೆಗ್‌ಹಾರ್ನ್. ಕಾಡು ಹೋದರೆ ಮರವಷ್ಟೇ ಅಲ್ಲ, ತೊರೆಗಳ ನೀರೂ ಹೋಗುತ್ತದೆಂಬ ಎಚ್ಚರಿಕೆ ಅದರಲ್ಲಿತ್ತು.

ಭಾರತಕ್ಕೆ ಮರಳಿ ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾದ. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದಾಗ ಅದಕ್ಕೆ ಸಲಹೆ ನೀಡಿದ. ಅದೇ ವರ್ಷ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯೂ ಆದ. ಆಗ ಕನ್ನಡ ಜಿಲ್ಲೆಯೂ ಮದ್ರಾಸಿಗೇ ಸೇರಿತ್ತು.

ಕಾಡಿನ ಮೇಲೆ ಕೊಡಲಿ ಬೀಳಲು ಕಾರಣಗಳು ಹಲವು. ಹಡಗು ಕಟ್ಟಲು ತೇಗ ಬೇಕಿತ್ತು. ಹೊಸದಾಗಿ ಬಂದ ರೈಲಿಗೆ, ಒಂದು ಮೈಲಿ ಹಳಿ ಹಾಸಲು ಸುಮಾರು 1,760ರಿಂದ 2,000 ಮರದ ಸ್ಲೀಪರುಗಳು ಬೇಕಿದ್ದವು. ಗುತ್ತಿಗೆದಾರರು ಸಿಕ್ಕಸಿಕ್ಕಲ್ಲಿ ಮರ ಕಡಿಯುತ್ತಿದ್ದರು. ಇದನ್ನೆಲ್ಲ ಕ್ಲೆಗ್‌ಹಾರ್ನ್ ಕಂಡಿದ್ದ. ಆದರೆ ಆತ ತಡೆಯಹೊರಟದ್ದು ಕೊಡಲಿ ಹಿಡಿದ ಇನ್ನೊಬ್ಬನನ್ನೂ: ಕುಮರಿ ಬೇಸಾಯಗಾರನನ್ನು.

ಬೆಟ್ಟದ ಇಳಿಜಾರಿನಲ್ಲಿ ಮರ ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆ ತೆಗೆದು ಮುಂದಿನ ಜಾಗಕ್ಕೆ ಹೋಗುವುದೇ ಕುಮರಿ. ಹೊಲಗದ್ದೆ ಇಲ್ಲದ ಬೆಟ್ಟದ ಜನರಿಗೆ ಅದೇ ಅನ್ನ. ಕ್ಲೆಗ್‌ಹಾರ್ನನ ಕಣ್ಣಿಗೆ ಮಾತ್ರ ಅದು ಬೆಲೆಬಾಳುವ ಮರವನ್ನು ಬೂದಿ ಮಾಡುವ ಪದ್ಧತಿ. 1860ರಲ್ಲಿ ಮದ್ರಾಸ್ ಸರ್ಕಾರ ಅಪ್ಪಣೆಯಿಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮರಿ ಮಾಡುವುದನ್ನು ನಿಷೇಧಿಸಿತು. ರೈಲಿಗೆ ಮರ ಒದಗಿಸುವುದು ಮಾತ್ರ ಅರಣ್ಯ ಇಲಾಖೆಯ ಕೆಲಸವಾಗಿಯೇ ಉಳಿಯಿತು. ಬೆಟ್ಟದವನ ಕೊಡಲಿ ಅಪರಾಧವಾಯಿತು. ಸರ್ಕಾರದ ಕೊಡಲಿ ಲೆಕ್ಕಪುಸ್ತಕ ಸೇರಿತು.

1861ರಲ್ಲಿ ದಕ್ಷಿಣ ಭಾರತದ ಕಾಡು ಮತ್ತು ಉದ್ಯಾನಗಳ ಬಗ್ಗೆ ಕ್ಲೆಗ್‌ಹಾರ್ನ್ ಬರೆದ ಪುಸ್ತಕ ಪ್ರಕಟವಾಯಿತು. ಮುಂದೆ ಪಂಜಾಬಿನ ಕಾಡುಗಳಲ್ಲೂ ಕೆಲಸ ಮಾಡಿ ಸ್ಕಾಟ್ಲೆಂಡಿಗೆ ಮರಳಿದ ಆತ 1895ರಲ್ಲಿ ತೀರಿಕೊಂಡ.

ಆತ ಬರೆಸಿದ ಚಿತ್ರಗಳು ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಇಂದಿಗೂ ಜೋಪಾನವಾಗಿವೆ. ‘ಕ್ಲೆಗ್‌ಹಾರ್ನಿಯಾ’ ಎಂಬ ಸಸ್ಯಕುಲದಲ್ಲಿ ಆತನ ಹೆಸರೂ ಉಳಿದಿದೆ. ಕಾಡು ಹೋದರೆ ನೀರು ಹೋಗುತ್ತದೆ ಎಂಬ ಆತನ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಾಡನ್ನೇ ನಂಬಿದವರಿಗೂ ಅದರ ಮೇಲೆ ಹಕ್ಕಿದೆ ಎಂದು ದೇಶದ ಕಾನೂನು ಒಪ್ಪಿಕೊಳ್ಳಲು 2006ರವರೆಗೆ ಕಾಯಬೇಕಾಯಿತು.