ರಂಜಕ ಚಕ್ರ

ಶಿಲೆ, ಮಣ್ಣು, ನೀರು ಮತ್ತು ಜೀವಿಗಳ ನಡುವೆ ರಂಜಕ ಸುತ್ತುವ ಪ್ರಕ್ರಿಯೆ. ಡಿಎನ್‌ಎ, ಜೀವಕೋಶಗಳಲ್ಲಿ ಶಕ್ತಿ ಒದಗಿಸುವ ಎಟಿಪಿ, ಮೂಳೆ ಹಾಗೂ ಹಲ್ಲುಗಳಿಗೆ ರಂಜಕ ಅಗತ್ಯ. ಇಂಗಾಲ, ಸಾರಜನಕ ಚಕ್ರಗಳಲ್ಲಿರುವಂಥ ಅನಿಲ ಘಟ್ಟ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಇದರ ಗತಿ ನಿಧಾನ.

ಹಂತಗಳು: ಅಪಟೈಟ್ ಖನಿಜವುಳ್ಳ ಶಿಲೆಗಳು ಶಿಥಿಲಗೊಂಡಾಗ ಫಾಸ್ಫೇಟ್ ಮಣ್ಣಿಗೆ ಸೇರುತ್ತದೆ. ಸಸ್ಯಗಳು ಅದನ್ನು ನೇರವಾಗಿಯೂ ಬೇರುಗಳೊಡನೆ ಸಹಜೀವನ ನಡೆಸುವ ಶಿಲೀಂಧ್ರಗಳ ಮೂಲಕವೂ ಹೀರುತ್ತವೆ. ಆಹಾರ ಸರಪಳಿಯಲ್ಲಿ ಪ್ರಾಣಿಗಳಿಗೆ ದಾಟಿದ ರಂಜಕ, ಸಗಣಿ, ತರಗೆಲೆ, ಕಳೇಬರಗಳು ಕೊಳೆತಾಗ ಮಣ್ಣಿಗೆ ಮರಳುತ್ತದೆ. ನದಿಗಳು ಕಡಲಿಗೆ ಒಯ್ದದ್ದರಲ್ಲಿ ಒಂದಂಶ ತಳದಲ್ಲಿ ಗಸಿಯಾಗಿ ನಿಂತು ಶಿಲೆಯಾಗುತ್ತದೆ. ಭೂಚಲನೆಯಿಂದ ಅದು ಮತ್ತೆ ಮೇಲೇಳಲು ಕೋಟ್ಯಂತರ ವರ್ಷ ಬೇಕಾಗಬಹುದು. ಗಾಳಿಯೂ ಧೂಳಿನ ರೂಪದಲ್ಲಿ ರಂಜಕವನ್ನು ಸಾಗಿಸುತ್ತದೆ: ಸಹಾರಾದ ಧೂಳಿನಿಂದ ಅಮೆಜಾನ್ ಕಾಡಿಗೆ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಸೇರುತ್ತದೆಂದು ಅಂದಾಜು.

ಮಣ್ಣಿನಲ್ಲಿ ಲಭ್ಯತೆ: ಕರಾವಳಿ, ಮಲೆನಾಡುಗಳ ಆಮ್ಲೀಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಂಯುಕ್ತಗಳು ಫಾಸ್ಫೇಟನ್ನು ಬಂಧಿಸುವುದರಿಂದ ಬೆಳೆಗೆ ಸಿಗುವ ಪಾಲು ಕಡಿಮೆ.

ಮಾನವ ಹಸ್ತಕ್ಷೇಪ: ಫಾಸ್ಫೇಟ್ ಶಿಲೆಯನ್ನು ಅಗೆದು ಗೊಬ್ಬರ ತಯಾರಿಸುವುದರಿಂದ ಚಕ್ರದ ವೇಗ ಹೆಚ್ಚಿದೆ. ಹೊಲದಿಂದ ಹರಿದ ಗೊಬ್ಬರ, ಚರಂಡಿ ನೀರು, ಮಾರ್ಜಕಗಳು ಕೆರೆ ಸೇರಿದರೆ ಪಾಚಿ ಅತಿಯಾಗಿ ಬೆಳೆಯುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಕೆನಡಾದ ಒಂಟಾರಿಯೊದ ಸರೋವರವೊಂದನ್ನು ಪರದೆಯಿಂದ ಇಬ್ಭಾಗಿಸಿ, ಎರಡೂ ಕಡೆ ಇಂಗಾಲ ಮತ್ತು ಸಾರಜನಕವನ್ನೂ ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಮಾತ್ರ ಪಾಚಿಯಿಂದ ಹಸುರಾಯಿತು. ಮಾರ್ಜಕಗಳಲ್ಲಿ ಫಾಸ್ಫೇಟ್ ಬಳಕೆಯನ್ನು ಮಿತಿಗೊಳಿಸುವ ಕಾನೂನುಗಳಿಗೆ ಈ ಪ್ರಯೋಗ ಪುಷ್ಟಿ ನೀಡಿತು.